ಷಡ್ಡಕನ ಕನ್ನಡಕದ ಜಾತಕ

"ಯಾವ ಲೆನ್ಸ್ ಬೇಕಾದರೂ ತನ್ನಿ. ಎರಡೂ ಮೈಯ ಬಾಗು ಅಳೆದು, ಅದು ಎಂಥ ಗಾಜು ಅಂತ ಜಾತಕ ಓದಿಬಿಡ್ತೇನೆ. ನನ್ನ ಲೆಕ್ಕ ತಪ್ಪಿದ್ದು ಅಂತ ಉಂಟಾ?"

ಕಳಮಶ್ಶೇರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಕುಂದಾಪುರದ ಉಪೇಂದ್ರರು ರೈಲಿನಲ್ಲಿ ಎದುರು ಕೂತವರಿಗೆ ಹೀಗೆನ್ನುವಾಗ ಆಲುವ ನಿಲ್ದಾಣ ಬರುತ್ತಿತ್ತು. ಒಳ್ಳೆಯ ಮನುಷ್ಯ. ಇದ್ದದ್ದು ಒಂದೇ ಕಾಯಿಲೆ: ಷಡ್ಡಕ ಮೋಹನ. ಅವನಿಗೆ ತಿರುವನಂತಪುರದ ರಾಕೆಟ್ ಕೇಂದ್ರದಲ್ಲಿ ಕೆಲಸ. "ನನ್ನ ತಂಗಿ ಗಂಡ ರಾಕೆಟ್ ಬಿಡ್ತಾರೆ" ಎಂದು ಹೆಂಡತಿ ವೇದವತಿ ಯಾರಿಗಾದರೂ ಹೇಳಿದರೆ, ಉಪೇಂದ್ರರ ಹೊಟ್ಟೆಯಿಂದೇಳುವ ಹೊಗೆ ಆ ರಾಕೆಟ್ಟಿನದಕ್ಕಿಂತ ದಪ್ಪ.

ಎಪ್ಪತ್ತನಾಲ್ಕರ ಓಣಂ ರಜೆಗೆ ಮೋಹನ ಎರ್ನಾಕುಳಂನ ಇವರ ಮನೆಗೆ ಬಂದ. ಮೂಗಿನ ಮೇಲೆ ಓದುವ ಹೊಸ ಕನ್ನಡಕ.

"ಜರ್ಮನಿ ಗಾಜು, ಭಾವ. ಬೆಳಕನ್ನ ಜಾಸ್ತಿ ಬಗ್ಗಿಸುತ್ತೆ. ವಕ್ರೀಭವನಾಂಕ ಒಂದು ಪಾಯಿಂಟ್ ಏಳು!"

"ನೋಡಿ, ಎಷ್ಟು ತೆಳು!" ಎಂದರು ವೇದವತಿ. "ನೀವೂ ಇದ್ದೀರಿ, ಕಲೂರಿನ ಅಂಗಡಿಯದ್ದು ಹಾಕಿಕೊಂಡು."

ಆಗ ಉಪೇಂದ್ರರ ನೆತ್ತಿಯ ಮೇಲೆ ಹಪ್ಪಳ ಇಟ್ಟಿದ್ದರೆ ಸುಟ್ಟು ಕರಕಾಗುತ್ತಿತ್ತು. ಹೆಂಡತಿಯ ಎದುರು ಇವನನ್ನು ಇವತ್ತು ಇಳಿಸಲೇಬೇಕು.

"ಕೊಡು ಇಲ್ಲಿ!"

ಕಾಲೇಜಿನಿಂದ ತಂದಿದ್ದ ಮೂರು ಕಾಲಿನ ಸ್ಫೆರೋಮೀಟರನ್ನು ಗಾಜಿನ ಮೇಲೆ ನಿಲ್ಲಿಸಿ, ತಿರುಪು ತಿರುಗಿಸಿ ಹೊರಮೈಯ ಬಾಗು ಅಳೆದರು; ಮಗುಚಿ ಒಳಮೈಯದ್ದೂ ಅಳೆದರು. ಅಂಗಳದ ಬಿಸಿಲು ಗಾಜಿನಿಂದ ಹಾಯ್ದು ಎಷ್ಟು ದೂರದಲ್ಲಿ ಚುಕ್ಕೆಯಾಗುತ್ತದೆಂದು ಹಿಡಿದರು. ಬಾಗು ಮತ್ತು ದೂರ ಸಿಕ್ಕಿದರೆ ಗಾಜಿನ ಗುಣ ಸೂತ್ರದಿಂದ ತಾನಾಗಿ ಉದುರುತ್ತದೆ. ನೆಲದ ಮೇಲೆಯೇ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದರು.

"ಒಂದು ಪಾಯಿಂಟ್ ಒಂದು! ಜರ್ಮನಿ ಅಂತೆ, ಜರ್ಮನಿ!"

ಮೋಹನ ಬಗ್ಗಿ ನೋಡಿ ನಕ್ಕ ನಗೆಗೆ ಎರ್ನಾಕುಳಂನ ಕಾಗೆಗಳೆಲ್ಲ ಸಮುದ್ರ ದಾಟಿದವು. "ಭಾವ, ನೀರಿಗೇ ಒಂದು ಪಾಯಿಂಟ್ ಮೂರು. ನಿಮ್ಮ ಲೆಕ್ಕದಲ್ಲಿ ನಾನು ಮೂಗಿನ ಮೇಲೆ ಗಾಳಿ ಇಟ್ಕೊಂಡಿದ್ದೀನಿ! ಕನ್ನಡಕದ ಒಳಮೈ ಉಬ್ಬಲ್ಲ, ತಗ್ಗು. ಎರಡು ಬಾಗನ್ನೂ ಕೂಡಿಸಿಬಿಟ್ಟಿದ್ದೀರಿ. ಒಂದರಿಂದ ಇನ್ನೊಂದನ್ನ ಕಳೀಬೇಕು."

ವೇದವತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಉಪೇಂದ್ರರ ಮುಖ ಇಂಗು ತಿಂದ ಮಂಗನದಾಯಿತು.

"ಕೊಡಿ ಸೀಮೆಸುಣ್ಣ, ನಾನೇ ತೋರಿಸ್ತೀನಿ." ಮೋಹನ ಕುಕ್ಕರಗಾಲಲ್ಲಿ ಕೂತು ಕಳೆದ, ಭಾಗಿಸಿದ, ಉತ್ತರ ಬರೆದ. ಬರೆದವನೇ ಅಂಗೈಯಿಂದ ಅದನ್ನು ಒರೆಸಲು ಹೋದ. ಉಪೇಂದ್ರರು ಗಪ್ಪನೆ ಕೈ ಹಿಡಿದರು. ನೆಲದ ಮೇಲೆ ಒಂದು ಪಾಯಿಂಟ್ ಐದು ಎರಡು: ಎಲ್ಲ ಅಂಗಡಿಯಲ್ಲೂ ಸಿಗುವ ಮಾಮೂಲಿ ಗಾಜು.

ವೇದವತಿ ತಂಗಿಯ ಗಂಡನ ಮುಖ ನೋಡಿದರು.

"ನಾನು ಕೂಡಿಸಿದ್ದಕ್ಕೆ ನನ್ನ ಮಾನ ಮಾತ್ರ ಹೋದದ್ದು, ಮಾರಾಯ" ಎಂದರು ಉಪೇಂದ್ರರು. "ನೀನು ಕಳೆದದ್ದಕ್ಕೆ ಇಡೀ ಜರ್ಮನಿಯೇ ಹೋಯ್ತಲ್ಲ!"