ಸೊಣ್ಣಪ್ಪನಿಗೆ ಟ್ರಂಕ್ ಕಾಲ್

ನಮ್ಮ ದೊಡ್ಡಮ್ಮ ಮುನಿಯಲ್ಲಮ್ಮ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ದೊಡ್ಡಪ್ಪ ಇದ್ದಾಗಲೂ ಇಲ್ಲ, ತೀರಿಕೊಂಡ ಮೇಲೂ ಇಲ್ಲ. ಹೋಳೂರಿನಲ್ಲಿ ಅವಳ ವಯಸ್ಸಿನ ಹೆಂಗಸರು ಯಾರೂ ಹೇಳುತ್ತಿರಲಿಲ್ಲ. ಕಚೇರಿಯ ಗುಮಾಸ್ತ ಕೇಳಿದರೆ ನನ್ನ ಬೆನ್ನಿಗೆ ತಿವಿಯುತ್ತಿದ್ದಳು. ಸೊಣ್ಣಪ್ಪ ಅಂತ ನಾನು ಹೇಳಬೇಕು.

ದೊಡ್ಡಪ್ಪ ತೀರಿಕೊಂಡ ಮೇಲೆ, ಎಂಬತ್ತೊಂದನೇ ಇಸವಿಯಲ್ಲಿ, ರೇಷ್ಮೆಗೂಡು ಮಾರಲು ಕೋಲಾರಕ್ಕೆ ಹೋದವಳು ಚನ್ನರಾಯಪ್ಪನ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡಳು. ರಟ್ಟಿನ ವಿಮಾನ, ಪೊಲೀಸ್ ಟೋಪಿ, ತಂತಿಯಿಲ್ಲದ ಕರಿ ಟೆಲಿಫೋನು ಎಲ್ಲ ಇಟ್ಟುಕೊಂಡಿದ್ದ ಆಸಾಮಿ ಅವನು. ದೊಡ್ಡಮ್ಮನ ಕೈಗೆ ಟೆಲಿಫೋನು ಕೊಟ್ಟು, ಕ್ಯಾಮೆರಾ ಹಿಂದೆ ನಿಂತು ತಾನೇ ಆಪರೇಟರ್ ಆದನಂತೆ.

“ಯಾರು ಬೇಕಮ್ಮಾ?”

“ನಮ್ಮೆಜಮಾನ್ರು.”

“ಹೆಸರು ಹೇಳ್ದೆ ಲೈನ್ ಸಿಗಲ್ಲ.”

ಎಷ್ಟು ಆಸೆಯಾಯಿತೋ ಏನೋ, ಹೇಳಿಬಿಟ್ಟಳು. ಆ ಗಳಿಗೆಗೇ ಅವನು ಫೋಟೋ ಹೊಡೆದ. ಛತ್ರದಲ್ಲಿ ಪ್ರದರ್ಶನ ಇಡ್ತೀನಿ, ನಿಮ್ಮದೂ ಇರುತ್ತೆ, ಬನ್ನಿ ಅಂದ.

ದೊಡ್ಡಮ್ಮ ಹೊಸ ಸೀರೆ ಉಟ್ಟು ನನ್ನನ್ನೂ ಕರೆದುಕೊಂಡು ಹೋದಳು. ವಿಮಾನದಲ್ಲಿ ಕೂತ ಪೂಜಾರಿ, ಪೊಲೀಸ್ ಟೋಪಿಯ ಹಾಲಿನವನು, ಎಲ್ಲ ನೋಡಿ ನಾನೂ ನಕ್ಕೆ. ಮೂಲೆಯಲ್ಲೊಂದು ಗುಂಪು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಅಲ್ಲಿದ್ದದ್ದು ದೊಡ್ಡಮ್ಮನ ಫೋಟೋ. ಬಾಯಿ ತೆರೆದಿತ್ತು, ಕಣ್ಣು ತುಂಬಿತ್ತು. ಕೆಳಗೆ ಒಂದು ಚೀಟಿ.

“ಏನ್ ಬರ್ದವ್ನೆ ಓದೇ” ಅಂದಳು.

“ಹಲೋ, ಸ್ವರ್ಗಾನಾ? ನಮ್ಮ ಸೊಣ್ಣಪ್ಪನ್ನ ಕರೀರಿ!”

ಅವಳ ಮುಖ ಕಪ್ಪಿಟ್ಟಿತು. ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಗಸೊಬ್ಬಳು ಜೀವಮಾನವಿಡೀ ಬಾಯೊಳಗೇ ಇಟ್ಟುಕೊಂಡದ್ದನ್ನು ಗೋಡೆಗೆ ಅಂಟಿಸಿ ಊರಿಗೆಲ್ಲ ತೋರಿಸುವುದು ಯಾವ ಸೀಮೆಯ ತಮಾಷೆ?

“ಆ ಚೀಟಿ ಕೀಳಪ್ಪ” ಅಂದಳು ದೊಡ್ಡಮ್ಮ.

“ತಮಾಷೆಗಮ್ಮಾ, ಜನಕ್ಕೆ ಇದೇ ಇಷ್ಟ” ಎಂದು ಚನ್ನರಾಯಪ್ಪ ಹಲ್ಲು ಕಿರಿದ.

ಬಾಗಿಲಲ್ಲಿ ಅವನ ಹೆಂಡತಿ ಶ್ಯಾಮಲಮ್ಮ ಬಂದವರಿಗೆ ಪಾನಕ ಕೊಡುತ್ತಿದ್ದರು. ದೊಡ್ಡಮ್ಮ ಅವರ ಕಡೆ ಕೈ ತೋರಿಸಿದಳು.

“ತಮಾಷೆ ಅಲ್ವಾ? ನಿನ್ ಹೆಂಡ್ತೀನ ಕರಿ. ಇಷ್ಟ್ ಜನದ ಮುಂದೆ ನಿನ್ ಹೆಸ್ರು ಕೂಗ್ಲಿ. ನಾನೂ ನಗ್ತೀನಿ.”

ನಗು ನಿಂತಿತು. ಶ್ಯಾಮಲಮ್ಮ ಲೋಟ ಕೆಳಗಿಟ್ಟು, ಗಂಡನ ಮುಖವನ್ನೂ ನೋಡದೆ ಬಂದು, ಚೀಟಿಯನ್ನು ಕಿತ್ತು ದೊಡ್ಡಮ್ಮನ ಕೈಗಿಟ್ಟರು.

ಬಸ್ಸಿನಲ್ಲಿ ದೊಡ್ಡಮ್ಮ ಅದನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದಳು. ನಾನು ಆ ಫೋಟೋದವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಹೋಳೂರು ಹತ್ತಿರವಾದಾಗ ಚೀಟಿ ಬಿಡಿಸಿ, “ಇದ್ರಲ್ಲಿ ಅವ್ರ ಹೆಸ್ರು ಎಲ್ಲೈತೆ, ತೋರ್ಸೇ” ಅಂದಳು.

ತೋರಿಸಿದೆ. ಅಷ್ಟನ್ನು ಮಾತ್ರ ಹುಷಾರಾಗಿ ಹರಿದು ಸೆರಗಿನ ತುದಿಗೆ ಕಟ್ಟಿಕೊಂಡಳು. ಉಳಿದದ್ದನ್ನು ಕಿಟಕಿಯಿಂದಾಚೆ ಎಸೆದಳು.