ಕೊಟ್ರಪ್ಪ ತೆರೆಸಿದ ಕಣ್ಣುಗಳು

ಮೊನ್ನೆ ಹರಪನಹಳ್ಳಿಯಲ್ಲಿ ಒಂದು ಚಿತ್ರಪ್ರದರ್ಶನಕ್ಕೆ ಹೋಗಿದ್ದೆ. ಬಾಗಿಲಲ್ಲಿ ಕಾಲಿಡುತ್ತಿದ್ದಂತೆಯೇ ಒಬ್ಬ ಯುವಕ, "ಮೇಡಂ, ಸ್ವಲ್ಪ ಸರೀರಿ, ನಿಮ್ಮ ನೆರಳು ಬೀಳ್ತೈತಿ" ಎಂದ. ಎರಡು ದೀಪ, ಎರಡು ಬಿಳಿ ಕೊಡೆ, ಮುಕ್ಕಾಲಿಯ ಮೇಲೆ ಕ್ಯಾಮೆರಾ. ಹೀಗೆ ಪ್ರದರ್ಶನಗಳಿಗೆ ಹೋಗಿ ಗೋಡೆಯ ಮೇಲಿನ ಚಿತ್ರಗಳ ಫೋಟೋ ತೆಗೆಯುವುದೇ ಅವನ ಕಸುಬಂತೆ. ನಾನು ಬೈಸಿಕೊಂಡವಳು ಮುಖ ಸಣ್ಣ ಮಾಡಿಕೊಳ್ಳಬೇಕಿತ್ತು. ಬದಲಿಗೆ ನಗು ಉಕ್ಕಿ ಬಂತು. ನನಗೆ ಕೊಟ್ರಪ್ಪ ನೆನಪಾಗಿದ್ದ.

ಕೊಟ್ರಪ್ಪ ಯಾರೆಂದು ಹೇಳುವ ಮೊದಲು ಅನ್ನಪೂರ್ಣಕ್ಕನ ಬಗ್ಗೆ ಹೇಳಬೇಕು. ಎಂಬತ್ತರ ದಶಕದ ಆರಂಭ. ನಾನು ಹಡಗಲಿಯಿಂದ ಕೊಟ್ಟೂರಿಗೆ ಹೊಸದಾಗಿ ಬಂದ ಕನ್ನಡ ಟೀಚರು, ಆಕೆ ಅದೇ ಶಾಲೆಯ ಡ್ರಾಯಿಂಗ್ ಟೀಚರು. ಮಕ್ಕಳಿಗೆ ಮಾವಿನಕಾಯಿ, ಹೂಜಿ ಬರೆಸುತ್ತಿದ್ದ ಈಕೆ ಮನೆಯಲ್ಲಿ ಮಾತ್ರ ಮಲಗಿದವರನ್ನೇ ಬರೆಯುತ್ತಿದ್ದಳು. ಶೇಂಗಾ ಚೀಲದ ಮೇಲೆ ಮಲಗಿದ ಹಮಾಲಿ, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಬಾಯಿ ತೆರೆದು ಮಲಗಿದ ಕಂಡಕ್ಟರು, ಊಟವಾದ ಮೇಲೆ ಕುರ್ಚಿಯಲ್ಲೇ ತೂಕಡಿಸುವ ನಮ್ಮ ಹೆಡ್‌ಮಾಸ್ತರು. ಯಾಕಕ್ಕ ಬರೀ ನಿದ್ದೆ ಎಂದು ಕೇಳಿದರೆ, ಎಚ್ಚರಿದ್ದಾಗ ಎಲ್ಲರೂ ಯಾರಿಗೋ ಹೆದರಿಕೊಂಡಿರುತ್ತಾರೆ, ಮಲಗಿದಾಗ ಮಾತ್ರ ತಾವೇ ಆಗಿರುತ್ತಾರೆ ಎನ್ನುತ್ತಿದ್ದಳು. ಆ ಸಾಲಿನಲ್ಲಿ ಆಕೆಯ ಅವ್ವನ ಚಿತ್ರವೂ ಇತ್ತು. ಬಜಾರಿನಲ್ಲಿ ಮಿರ್ಚಿ ಕರಿದು ಮಗಳನ್ನು ಓದಿಸಿದಾಕೆ, ಮಧ್ಯಾಹ್ನ ಆರಿದ ಒಲೆಯ ಪಕ್ಕದಲ್ಲೇ ಬೀಸಣಿಕೆ ಎದೆಯ ಮೇಲಿಟ್ಟುಕೊಂಡು ಮಲಗಿದ ಚಿತ್ರ. ಅದನ್ನು ಬರೆದ ಮರುವರ್ಷವೇ ಅವ್ವ ತೀರಿಕೊಂಡಳು. ಆಕೆಯದೆಂದು ಒಂದು ಫೋಟೋ ಕೂಡ ಇರಲಿಲ್ಲ.

ಬೆಂಗಳೂರಿನಲ್ಲಿ ದೊಡ್ಡ ಕಲಾಪ್ರದರ್ಶನ, ಮೊದಲು ಚಿತ್ರಗಳ ಫೋಟೋ ಕಳಿಸಬೇಕು, ಅವರು ಆರಿಸಿದರೆ ಆಮೇಲೆ ಚಿತ್ರ ಒಯ್ಯಬಹುದು ಎಂಬ ಸುದ್ದಿ ಬಂತು. ಅಕ್ಕನಿಗಿಂತ ನನಗೇ ಉಮೇದು ಜಾಸ್ತಿ. ಶಾಲೆಯ ಹಾಲಿನಲ್ಲಿ ಹಗ್ಗ ಕಟ್ಟಿ ಚಿತ್ರಗಳನ್ನೆಲ್ಲ ತೂಗುಹಾಕಿದೆವು. ಊರು ಬಂದು ನೋಡಿತು. ನಮ್ಮ ಕಂಡಕ್ಟರು ತನ್ನ ಚಿತ್ರದ ಮುಂದೆ ನಿಂತು, ಬಾಯಿಯೊಂದನ್ನು ಮುಚ್ಚಿಸಲು ಆಗುತ್ತದೆಯೇ ಎಂದು ವಿಚಾರಿಸಿಕೊಂಡು ಹೋದ.

ಫೋಟೋಕ್ಕೆ ಬಜಾರಿನ ಸ್ಟುಡಿಯೋದ ಕೊಟ್ರಪ್ಪನೇ ಆಗಬೇಕೆಂದು ಹಟ ಹಿಡಿದವಳು ನಾನು. ವರಗಳಿಗೆ ಕಳಿಸುವ ನನ್ನ ಫೋಟೋವನ್ನು ಅವನೇ ತೆಗೆದಿದ್ದ. ಸಣ್ಣ ಕುಂಚದಿಂದ ಟಚ್ಚಿಂಗ್ ಮಾಡಿ ನನ್ನ ಮೂಗನ್ನು ತಿದ್ದಿ ಎಷ್ಟು ಚೆಂದ ಮಾಡಿದ್ದನೆಂದರೆ, ನೋಡಲು ಬಂದ ಗಂಡಿನವರು ಫೋಟೋ ಒಮ್ಮೆ, ನನ್ನನ್ನೊಮ್ಮೆ ನೋಡಿ ಉಪ್ಪಿಟ್ಟು ತಿಂದು ಸುಮ್ಮನೆ ಎದ್ದು ಹೋಗಿದ್ದರು. ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ ನೋಡಿ. ಕೊಟ್ರಪ್ಪ ಬಂದ, ಕರಿಬಟ್ಟೆಯೊಳಗೆ ತಲೆ ತೂರಿಸಿ ಎಲ್ಲವನ್ನೂ ತೆಗೆದ, ಬಲು ಗಂಭೀರವಾಗಿ ಹೋದ.

ಹೆಡ್‌ಮಾಸ್ತರು ಫೋಟೋ ಸಿಗುವ ದಿನವೇ ಸಂಜೆಯ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದರು. ಕವರನ್ನು ಅವರ ಕೈಯಲ್ಲೇ ಕಳಿಸುವುದೆಂದು ಮಾತಾಗಿತ್ತು, ತಪ್ಪಿದರೆ ಗಡುವು ಮೀರುತ್ತಿತ್ತು. ಮಧ್ಯಾಹ್ನ ನಾವಿಬ್ಬರೂ ಸ್ಟುಡಿಯೋಕ್ಕೆ ಹೋದೆವು. ಕೊಟ್ರಪ್ಪ ಹೆಮ್ಮೆಯಿಂದ ಫೋಟೋಗಳನ್ನು ಮೇಜಿನ ಮೇಲೆ ಹರಡಿದ. ನೋಡುತ್ತೇವೆ, ಹಮಾಲಿ ಎಚ್ಚರಾಗಿದ್ದಾನೆ. ಕಂಡಕ್ಟರು ಬಾಯಿ ತೆರೆದುಕೊಂಡೇ ನಮ್ಮನ್ನು ದಿಟ್ಟಿಸುತ್ತಿದ್ದಾನೆ. ಹೆಡ್‌ಮಾಸ್ತರಿಗಂತೂ ಸಿನಿಮಾ ನಾಯಕಿಯ ಕಣ್ಣು. ಮಲಗಿದವರನ್ನೆಲ್ಲ ಕುಂಚದ ತುದಿಯಿಂದ ಎಬ್ಬಿಸಿಬಿಟ್ಟಿದ್ದ ಪುಣ್ಯಾತ್ಮ.

ನನಗೆ ನಗು ತಡೆಯಲಾಗಲಿಲ್ಲ. ಅಕ್ಕನ ಮುಖ ನೋಡಿದೊಡನೆ ನಗು ಅಲ್ಲೇ ನಿಂತಿತು. ಆಕೆ ಮೇಜಿಗೆ ಬೆನ್ನು ತಿರುಗಿಸಿದಳು. ಕೊಟ್ರಪ್ಪನಿಗೆ ಏನಾಯಿತೆಂದೇ ತಿಳಿಯದು.

"ಕಣ್ಣು ಮುಚ್ಚಿದ ಫೋಟೋ ನಮ್ಮ ಸ್ಟುಡಿಯೋದಿಂದ ಇಲ್ಲೀತನಕ ಹೊರಗ ಹೋಗಿಲ್ರಿ ಟೀಚರ. ಮದಿವ್ಯಾಗ ಕಣ್ಣು ಮಿಟುಕಿಸಿದವ್ರಿಗೂ ನಾನ ಕಣ್ಣು ಕೊಟ್ಟೀನಿ" ಎಂದ.

ಅವರು ಕಣ್ಣು ಮುಚ್ಚಿರುವುದೇ ಚಿತ್ರ ಮಾರಾಯ ಎಂದು ನಾನು ಕೂಗಾಡಿದೆ. ಪುಣ್ಯಕ್ಕೆ ಕುಂಚ ಆಡಿಸಿದ್ದು ಪ್ರಿಂಟಿನ ಮೇಲೆ ಮಾತ್ರ, ನೆಗೆಟಿವ್ ಹಾಗೇ ಇತ್ತು. ಮತ್ತೆ ಪ್ರಿಂಟು ಹಾಕೋಣವೆಂದರೆ ಕರೆಂಟು ಹೋಗಿತ್ತು. ಆಮೇಲಿನ ಹೊತ್ತು ಹೇಗೆ ಕಳೆಯಿತೋ! ಕರೆಂಟು ಬರುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಕತ್ತಲ ಕೋಣೆಯೊಳಗಿಂದ ಕೊಟ್ರಪ್ಪ ಹಸಿಹಸಿ ಫೋಟೋಗಳನ್ನು ಹೊರಗೆ ಚಾಚುವುದು, ನಾವಿಬ್ಬರೂ ಅವನ್ನು ಗಾಜಿನ ಮೇಲೆ ಹರಡಿ ಬೀಸುವುದು. ನನ್ನ ಸೆರಗು ಸಾಲದಾಯಿತು. ಅಕ್ಕ ಓಡಿ ಹೋಗಿ ಅವ್ವನ ಬೀಸಣಿಕೆ ತಂದಳು, ಮಿರ್ಚಿ ಒಲೆಗೆ ಬೀಸುತ್ತಿದ್ದದ್ದು. ಬೀದಿಯಲ್ಲಿ ಹೋಗುವವರು, ಟೀಚರಮ್ಮಗಳು ಏನು ಸುಡುತ್ತಿದ್ದಾರೆಂದು ಇಣುಕಿ ಹೋದರು. ನನಗೆ ಬಸ್ಸಿನ ಚಿಂತೆ, ಜೊತೆಗೆ ಹೇಳಲಾಗದ ಖುಷಿ. ಜೀವನದಲ್ಲಿ ಅಷ್ಟು ಮಹತ್ವದ ಕೆಲಸವನ್ನು ನಾನು ಅದಕ್ಕೆ ಮೊದಲು ಮಾಡಿರಲಿಲ್ಲ.

ಎಲ್ಲವನ್ನೂ ಕವರಿಗೆ ಹಾಕುವಾಗ ಹಳೆಯ ಫೋಟೋಗಳನ್ನು ಹರಿದು ಹಾಕೋಣವೆಂದು ಎತ್ತಿಕೊಂಡೆ. ಅಕ್ಕ ನನ್ನ ಕೈ ಹಿಡಿದಳು. ಮೇಲಿದ್ದದ್ದು ಅವ್ವನ ಫೋಟೋ. ಉಳಿದವರಿಗೆಲ್ಲ ಅಚ್ಚು ಹೊಡೆದಂತೆ ಅದೇ ನಾಯಕಿಯ ಕಣ್ಣು ಬರೆದಿದ್ದ ಕೊಟ್ರಪ್ಪ, ಇವಳಿಗೆ ಮಾತ್ರ ಬೇರೆ ಕಣ್ಣು ಬರೆದಿದ್ದ. ಎಡಗಣ್ಣು ಚೂರು ಕಿರಿದು, ಬಲಗಣ್ಣಿನಲ್ಲಿ ತುಂಟ ನಗು.

ಕೊಟ್ರಪ್ಪ ಕೈ ಒರೆಸಿಕೊಳ್ಳುತ್ತ ತಲೆ ತಗ್ಗಿಸಿ ಹೇಳಿದ. "ನನ್ನ ಅಂಗಡಿ ಎದುರಿಗೇ ಅಲ್ರಿ ಅವ್ವ ಕುಂದರ್ತಿದ್ದದ್ದು. ಹೊಗಿಗೆ ಎಡಗಣ್ಣು ಕಿರಿದು ಮಾಡಿ, ಇನ್ನೊಂದು ಮಿರ್ಚಿ ಹಾಕ್ಲೇನಪಾ ಅಂತಿದ್ಲು. ಆ ಕಣ್ಣು ನಾ ಹೆಂಗ ಮರೀಲಿ?"

ಅಕ್ಕ ಆ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಇದು ನನಗಿರಲಿ ಎಂದಳು. ಬಸ್ಸು ಹಾರನ್ ಮಾಡಿತು. ನಾನು ಕವರು ಹಿಡಿದು ಓಡಿದ ಓಟಕ್ಕೆ ಚಪ್ಪಲಿಯೊಂದು ಬಜಾರಿನಲ್ಲೇ ಉಳಿಯಿತು. ಹೆಡ್‌ಮಾಸ್ತರು ಕಿಟಕಿಯಿಂದ ಕೈ ಚಾಚಿ ಕವರು ತೆಗೆದುಕೊಂಡರು. ಕೆಲವು ವಾರಗಳ ಮೇಲೆ ಉತ್ತರ ಬಂತು. ಮಲಗಿದ ಅವ್ವ ಆಯ್ಕೆಯಾಗಿದ್ದಳು. ಊರಿಗೆಲ್ಲ ನಾನೇ ಸಕ್ಕರೆ ಹಂಚಿದೆ.

ಮೊನ್ನೆ ಹರಪನಹಳ್ಳಿಯಲ್ಲಿದ್ದದ್ದು ಅನ್ನಪೂರ್ಣಕ್ಕನದೇ ಪ್ರದರ್ಶನ, ಗೋಡೆಯ ಮೇಲೆ ಆ ಚಿತ್ರವೂ ಇತ್ತು. ಅದರ ಪಕ್ಕದಲ್ಲೇ ಪುಟ್ಟ ಚೌಕಟ್ಟಿನಲ್ಲಿ ಕೊಟ್ರಪ್ಪ ಕಣ್ಣು ತೆರೆಸಿದ ಅವ್ವನ ಫೋಟೋ. ಯುವಕ ಎಲ್ಲರನ್ನೂ ಸರಿಸಿ ದೀಪ ಹೊಂದಿಸಿದ. ಅನ್ನಪೂರ್ಣಕ್ಕ, ಈಗ ತಲೆ ಪೂರಾ ಬೆಳ್ಳಗಾಗಿದೆ, ಇದೊಂದಕ್ಕೆ ನಾನೂ ನಿಲ್ಲುತ್ತೇನೆಂದು ಹೋಗಿ ಅವೆರಡರ ನಡುವೆ ನಿಂತಳು. ಬೆಳಕು ಮಿಂಚಿತು. ಯುವಕ ಕ್ಯಾಮೆರಾದ ಹಿಂದೆ ಬಗ್ಗಿ ನೋಡಿದ.

"ಅಮ್ಮಾರ, ಕಣ್ಣು ಮುಚ್ಚೀರಿ. ಇರ್ಲಿ, ಕಂಪ್ಯೂಟರ್‌ನ್ಯಾಗ ತೆರಸ್ತೀನಿ" ಎಂದ.

ನಾನು ಅಕ್ಕನನ್ನು ನೋಡಿದೆ, ಅಕ್ಕ ನನ್ನನ್ನು ನೋಡಿದಳು. ನಗು ಒತ್ತಿಕೊಂಡು ಬಂದರೂ ನನ್ನ ಕಣ್ಣು ತುಂಬಿತ್ತು.

"ಬ್ಯಾಡಪ್ಪ" ಎಂದಳು ಅಕ್ಕ. "ನನ್ನವು ಹಂಗ ಇರ್ಲಿ. ಅವ್ವ ನೋಡಾಕತ್ತಾಳಲ್ಲ."