ಶಿವಕಾಂತಮ್ಮ ಕಲಿಸಿದ ಮೊಲ

ರೋಜಾ ಬಡಾವಣೆಯಲ್ಲಿ ಕೆಂಬಾಳೆ ಹಣ್ಣಿನ ಬಂಡಿ ನಿಲ್ಲಿಸುವ ಮಾಪಣ್ಣ ಮಾತು ಕಡಿಮೆಯ ಮನುಷ್ಯ. ಬೆಳಿಗ್ಗೆ ಕಮಲಾಪುರದಿಂದ ಹಣ್ಣು ತರುವುದು, ಮಾರಿ ಗಾಜಿಪುರದ ಮನೆ ಸೇರುವುದು, ಇಷ್ಟೇ ಅವನ ಬದುಕು. ಮನೆಯ ಮಾತೆಲ್ಲ ಹೆಂಡತಿ ಶಿವಕಾಂತಮ್ಮನದು. ಮಕ್ಕಳಿರಲಿಲ್ಲ. ಒಮ್ಮೆ ಅವಳು ಕಮಲಾಪುರದ ಸಂತೆಯಿಂದ ಬಿಳಿ ಮೊಲದ ಮರಿಯೊಂದನ್ನು ಸೆರಗಿನಲ್ಲಿ ಸುತ್ತಿ ತಂದಳು.

"ಮನಿ ತುಂಬ ಹೇಲ್ತದ ಅದು," ಅಂದ ಮಾಪಣ್ಣ.

"ಕಲಿಸ್ತೀನಿ. ನಿಮಗ ಚಪ್ಪಲ್ ಹೊರಗ ಬಿಡೂದು ಯಾರು ಕಲಿಸ್ಯಾರ?"

ಕಲಿಸಿದಳು ಕೂಡ. ಹಳೆಯ ಪರಾತದಲ್ಲಿ, ಹಿಟ್ಟು ನಾದುವ ಅಗಲ ತಟ್ಟೆಯಲ್ಲಿ, ಹಣ್ಣಿನ ಬುಟ್ಟಿಯ ಹುಲ್ಲು ಹಾಸಿದಳು. ಮೊಲ ಎಲ್ಲಿ ಉಚ್ಚೆ ಹೊಯ್ದರೂ ಅರಿವೆಯಿಂದ ಒರೆಸಿ, ಆ ಅರಿವೆಯನ್ನು ಪರಾತದಲ್ಲಿಡುವಳು. ಹಿಕ್ಕೆಯನ್ನೂ ಆರಿಸಿ ಅಲ್ಲಿಗೇ. ತಿನ್ನುವ ಸೊಪ್ಪೂ ಅದರ ಅಂಚಿಗೇ. ಬೈಯಲಿಲ್ಲ, ಹೊಡೆಯಲಿಲ್ಲ. "ಬೈದ್ರ ಅಂಜ್ತದ, ಕಲಿಯಲ್ಲ. ಅದಕ್ಕ ತನ್ನ ವಾಸ್ನಿನೇ ದಾರಿ" ಅನ್ನುವಳು. ಕೆಲವೇ ವಾರಗಳಲ್ಲಿ ಮೊಲ ತಾನಾಗಿ ಪರಾತ ಏರತೊಡಗಿತು.

ಮುಂದೆ ಅವಳಿಗೇ ಜಡ್ಡು ಬಂತು. ಹಾಸಿಗೆ ಹಿಡಿದವಳು ಹೊದ್ದ ಕೌದಿಯ ಮೇಲೆ, ಕಾಲ ಬಳಿ, ಮೊಲ ಮಲಗಿರುತ್ತಿತ್ತು. ಚಳಿ ಕಳೆಯುವ ಮೊದಲೇ ತೀರಿಕೊಂಡಳು.

ಸೂತಕ ಕಳೆಯಲು ಮಾಪಣ್ಣನ ಅಕ್ಕ ವಿಮಲಾಬಾಯಿ ಕಮಲಾಪುರದಿಂದ ಬಂದಳು. ಗೋಡೆಗೆ ಸುಣ್ಣ ಹೊಡೆಸಿ, ನೆಲವನ್ನು ಫಿನಾಯಿಲಿನಿಂದ ತೊಳೆದಳು. ಪರಾತವನ್ನು ಬೂದಿ ಹಾಕಿ ಬೆಳ್ಳಗೆ ತಿಕ್ಕಿದಳು. ಸತ್ತವರ ಹಾಸಿಗೆ ಮನೆಯಲ್ಲಿ ಉಳಿಯಬಾರದೆಂದು ಅದನ್ನೂ ಹೊರಗೆ ಹಾಕಿಸಿದಳು. ಕೌದಿಯನ್ನು ಮಾತ್ರ ಮಾಪಣ್ಣ ಅಕ್ಕನಿಗೆ ಕಾಣದಂತೆ ಟ್ರಂಕಿನ ಹಿಂದೆ ತುರುಕಿದ್ದ. ಅದರಲ್ಲಿ ಹೆಂಡತಿಯ ತಲೆಯೆಣ್ಣೆಯ ವಾಸನೆ ಇನ್ನೂ ಇತ್ತು.

ಅಂದಿನಿಂದ ಮೊಲಕ್ಕೆ ಜಾಗ ತಿಳಿಯದಾಯಿತು. ಪರಾತವನ್ನು ಮೂಸಿ ಹಿಂದೆ ಸರಿಯುವುದು. ಒಲೆಯ ಮುಂದೆ, ದೇವರ ಜಗುಲಿಯ ಕೆಳಗೆ, ಎಲ್ಲೆಂದರಲ್ಲಿ ಹೊಯ್ಯುವುದು. ವಿಮಲಾಬಾಯಿ ಫಿನಾಯಿಲ್ ಹಾಕಿ ಒರೆಸಿದಷ್ಟೂ ಅದು ಹೊಸ ಮೂಲೆ ಹುಡುಕುತ್ತಿತ್ತು.

"ತಮ್ಮಾ, ದೇವರ ಮುಂದ ಹೊಲಸು ಮಾಡ್ಲತ್ತದ. ನಾಳಿ ಊರಿಗಿ ಹೋಗ್ತೀನಿ, ಇದನ್ನ ನಮ್ಮೂರ ಸಾಯಬಣ್ಣಗ ಕೊಡ್ತೀನಿ."

"ಅಂವ ಕೊಯ್ದು ಮಾರ್ತಾನ ಅಕ್ಕಾ."

"ಮತ್ತ ಕುಂದ್ರಿಸಿ ಆರತಿ ಮಾಡ್ತಾನೇನು? ನಾ ಹೋಗೂದ್ರಾಗ ಪರಾತದಾಗ ಕುಂತ್ರ ಇರ್ಲಿ. ಇಲ್ಲಾಂದ್ರ ಒಯ್ತೀನಿ."

ಮರುದಿನ ಮಾಪಣ್ಣ ಬಂಡಿ ತೆಗೆಯಲಿಲ್ಲ. ಮೊಲದ ಹಿಂದೆಯೇ ಸುತ್ತಿದ. ಮಧ್ಯಾಹ್ನ ಅದು ಟ್ರಂಕಿನ ಹಿಂದೆ ನುಗ್ಗಿತು. ಎಳೆದು ನೋಡಿದರೆ ಕೌದಿಯೆಲ್ಲ ಕಲೆ. ಹಳೆಯ ವಾಸನೆ ಉಳಿದ ಒಂದೇ ಜಾಗ ಅದಕ್ಕೂ ಸಿಕ್ಕಿಬಿಟ್ಟಿತ್ತು.

ಹೊಡೆಯಲು ಕೈ ಎತ್ತಿದ. ಮೊಲ ಕಿವಿ ಒತ್ತಿಕೊಂಡು ಕುಗ್ಗಿತು. ಕೈ ತಾನೇ ಇಳಿಯಿತು.

ಗೊನೆ ಕೊಯ್ಯುವ ಕುಡುಗೋಲಿನಿಂದ, ಒದ್ದೆಯಾದ ತುಂಡನ್ನಷ್ಟೇ ಕತ್ತರಿಸಿ ಪರಾತದಲ್ಲಿಟ್ಟ. ಉಳಿದದ್ದನ್ನು ಟ್ರಂಕಿನ ಹಿಂದೆ ಮಡಚಿಟ್ಟ. ಮೊಲ ಪರಾತ ಮೂಸಿತು, ಮತ್ತೆ ಟ್ರಂಕಿನ ಕಡೆಗೇ ಹೊರಟಿತು. ಕೌದಿ ಅಲ್ಲಿರುವವರೆಗೆ ಅದು ಇಲ್ಲಿಗೆ ಬಾರದು.

ವಿಮಲಾಬಾಯಿ ಚೀಲ ಕಟ್ಟುತ್ತಿದ್ದವಳು ತಿರುಗಿ ನೋಡಿದಳು. "ಈ ಕೌದಿ ಇನ್ನಾ ಮನ್ಯಾಗೇ ಅದ ಏನೋ?"

"ಇತ್ತು," ಅಂದ ಮಾಪಣ್ಣ.

ಅವನು ಕೌದಿಯನ್ನು ತುಂಡು ತುಂಡಾಗಿ ಕತ್ತರಿಸಿ ಪರಾತಕ್ಕೆ ಹಾಸತೊಡಗಿದ. ತಲೆಯ ಕಡೆಯ ತುಂಡನ್ನು ಕೊನೆಗೆ ಉಳಿಸಿಕೊಂಡು, ಮುಖಕ್ಕೆ ಹಿಡಿದು ಬಹಳ ಹೊತ್ತು ಕುಳಿತ. ಆಮೇಲೆ ಅದನ್ನೂ ಹಾಸಿದ.

ಮೊಲ ಬಂತು. ಮೂಸಿತು, ಏರಿತು, ಬಾಲ ಎತ್ತಿ ಕುಳಿತಿತು. ವಿಮಲಾಬಾಯಿ ಒಬ್ಬಳೇ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಮಾಪಣ್ಣ ಪರಾತದ ಪಕ್ಕ ಕುಳಿತೇ ಇದ್ದ. ಈಗ ಬಾಗಿ ಮೂಸಿದರೂ ಮೊಲದ ವಾಸನೆ ಬಿಟ್ಟು ಬೇರೇನೂ ಸಿಗಲಿಲ್ಲ.